ಇನ್‌ಸ್ಟಾಲ್ ಒತ್ತುವ ಮೊದಲು

ಕೇಳುಗರಿಗೆ ನಮಸ್ಕಾರ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನವರು ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಲ್ಲಿಸಿದರು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಹೊಸ ಪ್ರೊಸೆಸರ್ ಬೇಕು. ಹಳೇ ಲ್ಯಾಪ್‌ಟಾಪ್ ಇರುವವರು ಏನು ಮಾಡಬೇಕು? ಹಾಸನದಲ್ಲಿ ಈಗ ಯಾರು ಸಿಕ್ಕರೂ ಅದೇ ಕೇಳುತ್ತಾರೆ. ‘ಸಾರ್, ಲಿನಕ್ಸ್ ಹಾಕಿಬಿಡ್ಲಾ?’

ಹಾಕಿ. ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆ. ದುಡ್ಡು ಕೊಡಬೇಕಾಗಿಲ್ಲ. ಆದರೆ ಮೊದಲು ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ.

8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಅದರಲ್ಲಿ ಇರೋದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೋ ಇದ್ದರೆ ತೆಗೆದಿಡಿ. ಲಿನಕ್ಸ್ ಮಿಂಟ್ ಅಥವಾ ಉಬುಂಟು (ಎರಡೂ ಲಿನಕ್ಸ್‌ನ ಬಗೆಗಳೇ) ಡೌನ್‌ಲೋಡ್ ಮಾಡಿ, ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್12 ಒತ್ತಿ. ಕೆಲವದರಲ್ಲಿ ಎಫ್9, ಕೆಲವದರಲ್ಲಿ ಎಸ್ಕೇಪ್. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಇಡೀ ಲಿನಕ್ಸ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ಇನ್‌ಸ್ಟಾಲ್ ಒತ್ತುವ ತನಕ ನಿಮ್ಮ ವಿಂಡೋಸ್ ಹಾಗೇ ಇರುತ್ತದೆ. ಸ್ವಲ್ಪ ನಿಧಾನ ಇರುತ್ತದೆ, ಅದು ಪೆನ್‌ಡ್ರೈವ್‌ನ ತಪ್ಪು. ಅಷ್ಟಕ್ಕೇ ಲಿನಕ್ಸನ್ನು ಬೈಯಬೇಡಿ!

ಸಕಲೇಶಪುರದ ಕಡೆ ನನಗೆ ಗೊತ್ತಿರುವ ಒಬ್ಬ ಹುಡುಗ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ರಾತ್ರಿ ಯಾವುದೋ ವಿಡಿಯೋ ನೋಡಿಕೊಂಡು ವಿಂಡೋಸ್ ಪೂರ್ತಿ ಅಳಿಸಿ ಲಿನಕ್ಸ್ ಹಾಕಿದ. ಬೆಳಿಗ್ಗೆ ನೋಡಿದರೆ ವೈಫೈ ಇಲ್ಲ. ಆ ವೈಫೈ ಚಿಪ್‌ಗೆ ಬೇರೆ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಬೇಕು. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು. ಇಂಟರ್ನೆಟ್‌ಗೆ ವೈಫೈ ಬೇಕು! ಹೊರಗೆ ಜಡಿಮಳೆ. ಪಹಣಿ ಪ್ರಿಂಟ್‌ಗೆ ಬಂದವರು ಬಾಗಿಲಲ್ಲಿ ನಿಂತಿದ್ದಾರೆ. ಒಬ್ಬರು ಅಜ್ಜಿ, ‘ಏನಪ್ಪಾ, ಕರೆಂಟ್ ಇಲ್ವಾ?’ ಅಂದರಂತೆ. ‘ಇದೆ ಅಜ್ಜಿ.’ ‘ಮತ್ತೇನು ಸುಮ್ನೆ ಕೂತಿದ್ದೀಯ?’

ನನಗೆ ಫೋನ್ ಬಂತು. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಮೊಬೈಲ್‌ನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪ್‌ಗೆ ಕೊಡುವ ಟೆದರಿಂಗ್ ಆನ್ ಮಾಡು, ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆ ಅಂದೆ. ವೈಫೈ ಬಂತು. ಖುಷಿಯಲ್ಲಿ ಪ್ರಿಂಟ್ ಕೊಟ್ಟ. ಪ್ರಿಂಟರ್ ಮಿಸುಕಲಿಲ್ಲ. ಆ ಮಾದರಿಗೆ ಕೆಲಸ ಮಾಡುವ ಲಿನಕ್ಸ್ ಡ್ರೈವರ್ ಸಿಗಲೇ ಇಲ್ಲ. ಸಂಜೆ ಹೊತ್ತಿಗೆ ಮತ್ತೆ ವಿಂಡೋಸ್ ಹಾಕಿಸಿಕೊಂಡ. ಹಿಂದಿನ ರಾತ್ರಿ ಪೆನ್‌ಡ್ರೈವ್‌ನಿಂದ ಓಡಿಸಿ ಒಂದೇ ಒಂದು ಹಾಳೆ ಪ್ರಿಂಟ್ ತೆಗೆದು ನೋಡಿದ್ದರೆ ಇಷ್ಟು ರಗಳೆ ಇರುತ್ತಿರಲಿಲ್ಲ, ಅಲ್ವಾ?

ಸಮಯ ಆಗುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಪೆನ್‌ಡ್ರೈವ್‌ನಿಂದ ಓಡಿಸುವಾಗ ವೈಫೈ, ಸೌಂಡ್, ಕ್ಯಾಮೆರಾ, ಟಚ್‌ಪ್ಯಾಡ್ ನೋಡಿ. ಮುಚ್ಚಳ ಮುಚ್ಚಿ ತೆಗೆಯಿರಿ, ಎಚ್ಚರ ಆಗುತ್ತದಾ ನೋಡಿ. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್, ನೀವು ದಿನಾ ಬಳಸುವುದನ್ನೆಲ್ಲ ಸಿಕ್ಕಿಸಿ. ರ‍್ಯಾಮ್ 4 ಜಿಬಿ ಇದ್ದರೆ ಮಿಂಟ್ ಆರಾಮಾಗಿ ಓಡುತ್ತದೆ. 32 ಬಿಟ್ ಪ್ರೊಸೆಸರ್‌ನ ತೀರಾ ಹಳೇ ಯಂತ್ರವಾದರೆ ಈಗಿನ ಉಬುಂಟು ಆಗುವುದಿಲ್ಲ. ವಿಂಡೋಸ್‌ಗೆಂದೇ ಮಾಡಿದ ಟ್ಯಾಲಿ, ನುಡಿ ಬೇಕೇ ಬೇಕು ಅನ್ನುವವರು ಆತುರ ಮಾಡಬೇಡಿ.

ಎಲ್ಲ ಓಡಿತಾ? ಕಡತಗಳನ್ನು ಬೇರೆ ಡಿಸ್ಕ್‌ಗೆ ಹಾಕಿಕೊಂಡು ಇನ್‌ಸ್ಟಾಲ್ ಒತ್ತಿ. ಏನಾದರೂ ಕೈಕೊಟ್ಟರೆ ನನ್ನನ್ನು ಕೇಳಿ, ಬೇಜಾರಿಲ್ಲ. ನನ್ನ ಮೊದಲ ಪ್ರಶ್ನೆ ಏನಿರುತ್ತದೆ ಅಂತ ನಿಮಗೆ ಗೊತ್ತಿದೆ. ನಮಸ್ಕಾರ.