ಡ್ರೆಜರ್ ಏನು ಮಾಡಬಲ್ಲದು, ಎಲ್ಲಿ ಸೋಲುತ್ತದೆ

ಎಲ್ಲರಿಗೂ ನಮಸ್ಕಾರ. ಡ್ರೆಜರ್ ಅಂದರೆ ಹೂಳೆತ್ತುವ ಯಂತ್ರ; ಅದರಲ್ಲಿ ಹಲವು ಬಗೆಯಿವೆ. ಇವತ್ತು ಹೆಚ್ಚು ಹೊತ್ತು ಕಟರ್ ಸಕ್ಷನ್ ಡ್ರೆಜರ್ ಬಗ್ಗೆಯೇ ಮಾತಾಡುತ್ತೇನೆ.

ಇದರ ಮುಂಭಾಗದಲ್ಲಿ ಲ್ಯಾಡರ್ ಎಂಬ ತೋಳಿದೆ. ಅದರ ತುದಿಯಲ್ಲಿ ಹಲ್ಲಿರುವ ಕಟರ್ ತಿರುಗುತ್ತಾ ಮಣ್ಣು ಸಡಿಲಿಸುತ್ತದೆ; ಹಿಂದಿರುವ ಬಾಯಿ ಅದನ್ನು ನೀರಿನ ಜೊತೆ ಹೀರುತ್ತದೆ. ಹಿಂಭಾಗದಲ್ಲಿ ಸ್ಪಡ್ ಎನ್ನುವ ಎರಡು ಉಕ್ಕಿನ ಕಂಬಗಳಿವೆ. ಒಂದನ್ನು ತಳಕ್ಕೆ ಊರಿ, ಎಡಬಲದ ಲಂಗರುಗಳ ಹಗ್ಗವನ್ನು ವಿಂಚಿನಿಂದ, ಅಂದರೆ ಹಗ್ಗ ಸುತ್ತುವ ಯಂತ್ರದಿಂದ, ಎಳೆದರೆ ದೋಣಿ ಆ ಕಂಬದ ಸುತ್ತ ಅತ್ತಿತ್ತ ತಿರುಗುತ್ತಾ ಕೊರೆಯುತ್ತದೆ. ಮುಂದಕ್ಕೆ ಹೋಗುವುದು ಕಂಬ ಬದಲಿಸಿ. ಪಂಪು ಎತ್ತುವುದರಲ್ಲಿ ಬಹುಪಾಲು ನೀರೇ. ಮಣ್ಣು ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು ಬಂದರೆ ಒಳ್ಳೆಯ ಕೆಲಸ. ಮರಳಾದರೆ ಪೈಪಿನಲ್ಲಿ ಸೆಕೆಂಡಿಗೆ 3ರಿಂದ 4 ಮೀಟರ್ ವೇಗ ಬೇಕು, ಜಲ್ಲಿ ಬೆರೆತಿದ್ದರೆ ಇನ್ನೂ ಜಾಸ್ತಿ.

ನೀರಡಿ ಏನಾಗುತ್ತಿದೆಯೆಂದು ಚಾಲಕನಿಗೆ ಕಾಣುವುದಿಲ್ಲ. ಅವನು ಓದುವುದು ಎರಡು ಗೇಜು: ಹೀರುವ ಕಡೆಯ ವ್ಯಾಕ್ಯೂಮ್ (ಸೆಳೆತ), ಹೊರಹಾಕುವ ಕಡೆಯ ಪ್ರೆಷರ್ (ಒತ್ತಡ). ವ್ಯಾಕ್ಯೂಮ್ ಏರಿ ಪ್ರೆಷರ್ ಬಿದ್ದರೆ ಹೀರುಬಾಯಿ ಕಟ್ಟಿದೆ: ಬೇರು, ಹರಿದ ಬಲೆ, ಪ್ಲಾಸ್ಟಿಕ್ ಚೀಲ. ವ್ಯಾಕ್ಯೂಮ್ ಇಳಿದು ಪ್ರೆಷರ್ ಏರಿದರೆ ಪೈಪಿನಲ್ಲಿ ಮರಳು ಕೂರುತ್ತಿದೆ. ಆಗ ಕಟರ್ ಮೇಲೆತ್ತಿ ಬರೀ ನೀರು ಹಾಯಿಸಬೇಕು. ಗಾಬರಿಯಲ್ಲಿ ಪಂಪು ನಿಲ್ಲಿಸಿದರೆ ಕಥೆ ಮುಗಿಯಿತು, ಪೈಪು ಬಿಚ್ಚಿ ತೊಳೆಯಬೇಕು. ಮುಳ್ಳು ನಡುಗುತ್ತಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಅಂತರಗಂಗೆ ತುಂಬಿದ ಕೆರೆಗೆ ಕಳೆ ತೆಗೆಯದೆ ಈ ಯಂತ್ರ ಇಳಿಸುವುದು ದುಡ್ಡು ಸುಟ್ಟಂತೆ.

ಹಡಗು ಓಡಾಡುವ ಕಾಲುವೆಯಲ್ಲಿ ಲಂಗರು, ಹಗ್ಗ ಹರಡಿ ಕೂರಲು ಜಾಗವಿಲ್ಲ. ಪಣಂಬೂರಿನ ನವಮಂಗಳೂರು ಬಂದರಿನಂಥ ಕಡೆ, ಮಳೆಗಾಲ ತಂದ ಹೂಳಿಗೆ, ಚಲಿಸುತ್ತಲೇ ಹೀರಿ ಹೊಟ್ಟೆ ತುಂಬಿಕೊಳ್ಳುವ ಹಾಪರ್ ಡ್ರೆಜರ್ ಬೇಕು. ನುಣುಪು ಹೂಳು ಹಾಪರಿನಲ್ಲಿ, ಅಂದರೆ ಆ ಹೊಟ್ಟೆಯಲ್ಲಿ, ಬೇಗ ತಳ ಸೇರುವುದಿಲ್ಲ; ಉಕ್ಕಿ ಹರಿಯುವವರೆಗೆ ತುಂಬಿಸಿದರೆ ಎತ್ತಿದ್ದು ವಾಪಸು ಸಮುದ್ರಕ್ಕೇ. ಗಣಿಯಲ್ಲಿ ಲೆಕ್ಕ ಬೇರೆ. ಒಡಿಶಾದ ಛತ್ರಪುರದ ಕರಾವಳಿ ಮರಳಿನಲ್ಲಿ ಡ್ರೆಜರ್ ತಾನೇ ತೋಡಿದ ಕೊಳದಲ್ಲಿ ತೇಲುತ್ತದೆ. ಸ್ಪೈರಲ್ ಎನ್ನುವ ಸುರುಳಿ ಕಾಲುವೆಗಳಲ್ಲಿ ಇಲ್ಮನೈಟ್, ಜಿರ್ಕಾನ್‌ನಂಥ ಭಾರದ ಖನಿಜ ಬೇರೆಯಾಗಿ, ಉಳಿದ ಮರಳು ಹಿಂದಿನ ಗುಂಡಿ ಮುಚ್ಚುತ್ತದೆ.

ವಿಷ ಬೆರೆತ ಹೂಳಾದರೆ ವೇಗ ಮುಖ್ಯವಲ್ಲ, ಕದಡದಿರುವುದು ಮುಖ್ಯ. ಅಮೆರಿಕದ ಹಡ್ಸನ್ ನದಿಯಲ್ಲಿ 2009ರಿಂದ 2015ರವರೆಗೆ ಪಿಸಿಬಿ ಎಂಬ ವಿಷಕಾರಿ ಕೈಗಾರಿಕಾ ರಾಸಾಯನಿಕ ಸೇರಿದ ಸುಮಾರು 21 ಲಕ್ಷ ಘನ ಮೀಟರ್ ಹೂಳನ್ನು ಬಾಯಿ ಮುಚ್ಚುವ ಬಕೆಟ್ಟಿನಿಂದ ಎತ್ತಿ, ನೀರು ಬಸಿದು, ರೈಲಿನಲ್ಲಿ ಸಾಗಿಸಿದರು.

ಇನ್ನು ತುಂಗಭದ್ರಾ ಜಲಾಶಯ. ಮೊದಲಿದ್ದ ಸಾಮರ್ಥ್ಯ 132 ಟಿಎಂಸಿ ಆಸುಪಾಸು, ಈಗ 105ರ ಹತ್ತಿರ. ಹೂಳು ತುಂಬಿ ಹೋದ 27 ಟಿಎಂಸಿ ಅಂದರೆ ಸುಮಾರು 76 ಕೋಟಿ ಘನ ಮೀಟರ್. ಗಂಟೆಗೆ 1,000 ಘನ ಮೀಟರ್ ಹೂಳು ಎತ್ತುವ ಯಂತ್ರ ದಿನಕ್ಕೆ 20 ಗಂಟೆ, ವರ್ಷಕ್ಕೆ 300 ದಿನ ಓಡಿದರೂ 60 ಲಕ್ಷ. ಒಂದು ಯಂತ್ರಕ್ಕೆ ನೂರಿಪ್ಪತ್ತು ವರ್ಷ ದಾಟುತ್ತದೆ, ಹೊಸ ಹೂಳಿನ ಲೆಕ್ಕ ಬಿಟ್ಟು. ಎತ್ತಿದ್ದನ್ನು ಎರಡು ಮೀಟರ್ ದಪ್ಪ ಹರಡಲು 90 ಸಾವಿರ ಎಕರೆಗೂ ಹೆಚ್ಚು ಜಾಗ ಬೇಕು. ಟೆಂಡರ್ ಬರೆಯುವವರು ಯಂತ್ರದ ಹಾರ್ಸ್‌ಪವರ್‌ಗೆ ಮೊದಲು ಆ ಜಾಗದ ಸರ್ವೆ ನಂಬರ್ ಬರೆಯಲಿ.