ಔಷಧದ ವಿಷಯ ನಮಗೆ ಹೇಳಿದವರು ಯಾರು?

ಅಧ್ಯಕ್ಷರೇ, ವೈದ್ಯಮಿತ್ರರೇ, ಔಷಧದ ಅಂಗಡಿ ನಡೆಸುವ ಬಂಧುಗಳೇ,

ಸೆಪ್ಟೆಂಬರ್ 17ರಿಂದ 23ರವರೆಗೆ ದೇಶದಲ್ಲೆಲ್ಲ ಔಷಧ ಸುರಕ್ಷತೆಯ ಸಪ್ತಾಹ. ಆ ನೆಪದಲ್ಲಿ ಬೆಳಗಾವಿಯ ಈ ಸಭೆಯ ಮುಂದೆ ನಾನಿಡುವ ಪ್ರಶ್ನೆ ಒಂದೇ: ನಾವು ಬರೆದುಕೊಡುವ ಔಷಧದ ವಿಷಯವನ್ನು ನಮಗೆ ಹೇಳಿದವರು ಯಾರು? ಪದವಿ ಮುಗಿದ ಮೇಲೆ ಬಂದ ಹೊಸ ಔಷಧಗಳನ್ನು ನಮ್ಮಲ್ಲಿ ಅನೇಕರಿಗೆ ಪರಿಚಯಿಸಿದವರು ಕಂಪನಿಯ ಪ್ರತಿನಿಧಿಗಳು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಾರಲು ಬಂದವರು ತಮ್ಮ ಸರಕನ್ನು ಹೊಗಳದೆ ಇನ್ನೇನು ಮಾಡಿಯಾರು? ಆದರೆ ಅವರು ಕೊಟ್ಟ ಹೊಳಪಿನ ಹಾಳೆಯಲ್ಲಿ ‘ಹೃದಯಾಘಾತ ಅರ್ಧಕ್ಕರ್ಧ ಕಡಿಮೆ’ ಎಂದಿದ್ದರೆ, ಎಷ್ಟರಲ್ಲಿ ಅರ್ಧ ಎಂದು ಕೇಳಬೇಕಾದವರು ನಾವು. ನೂರರಲ್ಲಿ ಇಬ್ಬರಿಗೆ ಆಗುತ್ತಿದ್ದುದು ಒಬ್ಬರಿಗೆ ಇಳಿದರೂ ಅದು ಅರ್ಧವೇ. ಆ ಒಬ್ಬರಿಗಾಗಿ ನೂರು ಜನ ಗುಳಿಗೆ ನುಂಗಬೇಕು.

ಗರ್ಭಿಣಿಯರು ನುಂಗಿದ್ದರಿಂದ ಶಿಶುಗಳು ಅಂಗವೈಕಲ್ಯದೊಡನೆ ಹುಟ್ಟಿದ ಥ್ಯಾಲಿಡೊಮೈಡ್ ಎಂಬ ನಿದ್ರೆಗುಳಿಗೆಯ ದುರಂತ ನಿಮಗೆಲ್ಲ ಗೊತ್ತು. ಅದರಲ್ಲಿ ನನಗೆ ಪ್ರಿಯವಾದದ್ದು ಒಂದು ಪುಟ್ಟ ಪತ್ರ. 1960ರ ಡಿಸೆಂಬರ್ ಕೊನೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಸ್ಕಾಟ್ಲೆಂಡಿನ ಲೆಸ್ಲಿ ಫ್ಲಾರೆನ್ಸ್ ಎಂಬ ವೈದ್ಯರು, ತಾವೇ ಈ ಔಷಧ ಕೊಟ್ಟ ನಾಲ್ವರು ರೋಗಿಗಳ ಕೈಕಾಲು ಜೋಮುಗಟ್ಟಿದ್ದನ್ನು ತಿಳಿಸಿ, ಇದಕ್ಕೆ ಆ ಗುಳಿಗೆಯೇ ಕಾರಣವೇ ಎಂದು ಕೇಳಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ಅದೇ ಔಷಧದ ಅರ್ಜಿಯನ್ನು ಪರಿಶೀಲಿಸುತ್ತಿದ್ದ ಫ್ರಾನ್ಸಿಸ್ ಕೆಲ್ಸಿ 1961ರ ಆರಂಭದಲ್ಲಿ ಆ ಪತ್ರವನ್ನು ಓದಿದರು. ಕಂಪನಿ ಎಷ್ಟೇ ಒತ್ತಡ ತಂದರೂ ಅನುಮತಿ ಕೊಡಲಿಲ್ಲ. ಶಿಶುಗಳ ಅಂಗವೈಕಲ್ಯದ ಸುದ್ದಿ ಹೊರಬಿದ್ದದ್ದು ಆ ವರ್ಷದ ನವೆಂಬರ್‌ನಲ್ಲಿ. ಅನುಮತಿ ಇಲ್ಲದಿದ್ದರೂ ಅಮೆರಿಕದ ಸಾವಿರಕ್ಕೂ ಹೆಚ್ಚು ವೈದ್ಯರಿಗೆ ಉಚಿತ ಸ್ಯಾಂಪಲ್‌ಗಳು ತಲುಪಿಯೇ ಇದ್ದವು! (ಸ್ಯಾಂಪಲ್ ಎಂದೊಡನೆ ಮುಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದಾರೆ, ನಗಲಿ.) ನಾನು ಹೇಳುವುದಿಷ್ಟೆ: ಕೆಲ್ಸಿಯವರ ಸಂಶಯಕ್ಕೆ ದಾರಿ ತೋರಿಸಿದವರು ಔಷಧ ಮಾರಿದವರಲ್ಲ, ಕೊಟ್ಟು ನೋಡಿದ ಒಬ್ಬ ಸಾಮಾನ್ಯ ವೈದ್ಯರು.

ನಮ್ಮಲ್ಲಿ ಮಾಹಿತಿಗೇನೂ ಬರವಿಲ್ಲ. ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ 2023ರಲ್ಲಿ ಔಷಧಗಳ ಬಳಕೆಗೆ ವೈದ್ಯರ ಕೈಪಿಡಿಯಾದ ರಾಷ್ಟ್ರೀಯ ಸೂತ್ರಸಂಹಿತೆಯ (ನ್ಯಾಷನಲ್ ಫಾರ್ಮ್ಯುಲರಿ) ಆರನೆಯ ಆವೃತ್ತಿಯನ್ನು ತಂದಿದೆ. ಕ್ಲೋರ್‌ಫೆನಿರಮೈನ್ ಮತ್ತು ಫೀನೈಲ್‌ಎಫ್ರಿನ್ ಕೂಡಿದ ನೆಗಡಿಯ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ ಮೇಲೆ ಮುದ್ರಿಸಲು ಅದೇ ವರ್ಷದ ಡಿಸೆಂಬರ್‌ನಲ್ಲಿ ಸೂಚನೆ ಬಂತು. ಅಂಥ ಸೂಚನೆ ಸವದತ್ತಿಯ ಒಬ್ಬ ವೈದ್ಯರ ಮೇಜಿಗೆ ತಲುಪಲು ಎಷ್ಟು ಕಾಲ ಬೇಕು, ಅದನ್ನು ಅಲ್ಲಿಗೆ ಮುಟ್ಟಿಸುವವರು ಯಾರು? ಹೊಗಳಿಕೆಗೆ ಕಾರಿದೆ, ಎಚ್ಚರಿಕೆಗೆ ಕಾಲೂ ಇಲ್ಲ.

ಗಡಿಭಾಗದ ನಮಗೆ ಇನ್ನೊಂದು ತೊಡಕುಂಟು. ಕೊಲ್ಹಾಪುರದಲ್ಲಿ ಬರೆಸಿದ ಚೀಟಿಯ ಗುಳಿಗೆಯೂ ಇಲ್ಲಿ ಬರೆದ ಗುಳಿಗೆಯೂ ಹೆಸರಿನಲ್ಲಿ ಬೇರೆ, ಒಳಗಿನ ಔಷಧ ಒಂದೇ. ರೋಗಿ ಎರಡನ್ನೂ ನುಂಗುತ್ತಾನೆ. ಗುಳಿಗೆಯ ಖಾಲಿ ಪಟ್ಟಿ ಹಿಡಿದು ‘ಇದ ಗುಳಿಗಿ ಕೊಡ್ರಿ’ ಎನ್ನುವವರಿಗೆ ಒಳಗಿನ ಔಷಧದ ಹೆಸರನ್ನು ಓದಿ ಹೇಳುವುದಕ್ಕೆ ಒಂದು ನಿಮಿಷ ಸಾಕು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮೊಬೈಲ್ ಆ್ಯಪ್‌ಗಳ ಮಾತನ್ನೂ ಪ್ರತಿಜೀವಕಗಳ ಮಾತನ್ನೂ ಬಿಡುತ್ತೇನೆ. ದುಷ್ಪರಿಣಾಮ ವರದಿ ಮಾಡುವ ನಮೂನೆಗಳು ಬಾಗಿಲ ಬಳಿಯ ಮೇಜಿನ ಮೇಲಿವೆ; 1800-180-3024ಕ್ಕೆ ಉಚಿತವಾಗಿ ಕರೆಯನ್ನೂ ಮಾಡಬಹುದು. ಸಂಶಯವಿದ್ದರೆ ಸಾಕು, ಸಾಬೀತು ಬೇಕಿಲ್ಲ. ಪ್ರಶ್ನೆಗಳಿಗೆ ಉಳಿದ ಸಮಯವನ್ನು ಮೊದಲು ಅಂಗಡಿಯವರಿಗೆ ಕೊಡೋಣ. ಒಬ್ಬ ರೋಗಿಗೆ ಮೂವರು ವೈದ್ಯರು ಬರೆದ ಚೀಟಿಗಳನ್ನು ಒಟ್ಟಿಗೆ ನೋಡುವವರು ಅವರೇ.