ಸುಣ್ಣದ ಗೋಡೆ, ಬಂಗಾರದ ಗಂಟೆ

ಕೇಳುಗರೆ, ನಮಸ್ಕಾರ.

ಲಕ್ಕುಂಡಿಗೆ ಕೊಟ್ಟ ನಮ್ಮ ಸೋದರತ್ತೆಯನ್ನು ಕರೆದುಕೊಂಡು ಒಮ್ಮೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆ. ಲೋಂಡಾ, ಕ್ಯಾಸಲ್‌ರಾಕ್ ದಾಟಿ, ಘಟ್ಟ ಇಳಿದು ಗೋವೆ ಮುಟ್ಟಿದೆವು. ಹಳೆ ಗೋವೆಯ ಸೇ ಕ್ಯಾಥೆಡ್ರಲ್ ಎಂಬ ದೊಡ್ಡ ಚರ್ಚಿನ ಮುಂದೆ ನಿಂತು ಅತ್ತೆ ತಲೆಯೆತ್ತಿ ನೋಡಿದರು. ಆಮೇಲೆ ಅಂದರು: “ಇದೇನೋ ತಮ್ಮಾ, ಬರೇ ಸುಣ್ಣಾ ಬಳದ ಗ್ವಾಡಿ!”

ಲಕ್ಕುಂಡಿಯ ಕಾಶಿವಿಶ್ವನಾಥನ ಗುಡಿಯ ಬಾಗಿಲವಾಡ ನೋಡಿ ಪಳಗಿದ ಕಣ್ಣು ಅದು, ಹಾಗನ್ನಿಸಿದ್ದು ಸಹಜ. ಗುಟ್ಟು ಇರುವುದು ಕಲ್ಲಿನಲ್ಲಿ. ಲಕ್ಕುಂಡಿಯ ಶಿಲ್ಪಿಗಳ ಕೈಯಲ್ಲಿದ್ದದ್ದು ಬಳಪದ ಕಲ್ಲು, ಉಳಿ ಹೇಳಿದಂತೆ ಕೇಳುತ್ತದೆ. ಗೋವೆಯದು ಕೆಂಪು ಜಂಬಿಟ್ಟಿಗೆ, ಮೈತುಂಬ ತೂತು. ಕಡಿದು ಇಟ್ಟಿಗೆಯಂತೆ ಪೇರಿಸಬಹುದು, ಬಳ್ಳಿ ಬೊಂಬೆ ಬಿಡಿಸಲು ಒಗ್ಗದು. ಮೇಲೆ ಗಾರೆ ಇಲ್ಲದಿದ್ದರೆ ಮಳೆಗೆ ಸವೆಯುತ್ತದೆ. ರಸ್ತೆಯ ಆಚೆ ಬದಿಯ ಬೊಮ್ ಜೀಸಸ್ ಬೆಸಿಲಿಕಾದ ಗಾರೆಯನ್ನು 1950ರ ದಶಕದಲ್ಲಿ ಕೆತ್ತಿ ತೆಗೆದರು. ಕೆಂಪು ಕಲ್ಲು ಕಣ್ಣಿಗೆ ಚೆಂದ ಕಂಡಿತು, ನಿಜ. ಅಂದಿನಿಂದ ಮಳೆಗಾಲ ಬಂದರೆ ಕಲ್ಲಿಗೆ ಕೇಡು. ಅಲ್ಲಿ ಸುಣ್ಣವೆಂದರೆ ಗೋಡೆಗೆ ಹಿಡಿದ ಕೊಡೆ.

ಬಿಜಾಪುರದ ಆದಿಲ್‌ಶಾಹಿಯಿಂದ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಗೋವೆಯನ್ನು ಗೆದ್ದದ್ದು 1510ರ ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ. ಅದಕ್ಕೇ ಸೇ ಕ್ಯಾಥೆಡ್ರಲ್ ಅವಳ ಹೆಸರಿನಲ್ಲಿದೆ. ಪೋರ್ಚುಗೀಸ್ ಮಾತಿನ ‘ಸೇ’ ಎಂದರೆ ಪೀಠ, ಬಿಷಪ್ಪರು ಕೂರುವ ಪೀಠ. ಮಠಪೀಠಗಳ ನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗಿನ ಕಟ್ಟಡಕ್ಕೆ ಕೈಹಚ್ಚಿದ್ದು 1562ರಲ್ಲಿ. ಮುಖ್ಯ ಭಾಗ ಮುಗಿದದ್ದು 1619ಕ್ಕೆ, ಒಳಗಿನ ಪೂಜಾಪೀಠಗಳು ಪೂರ್ತಿಯಾಗುವ ಹೊತ್ತಿಗೆ 1652. ಉದ್ದ ಸುಮಾರು 76 ಮೀಟರ್, ಅಗಲ 55.

ಒಳಗೆ ಕಾಲಿಟ್ಟ ಮೇಲೆ ಅತ್ತೆಯ ಮಾತು ನಿಂತಿತು. ಬೆಳ್ಳನೆಯ ಕಮಾನು ಚಾವಣಿ, ದಪ್ಪ ಕಂಬಗಳು, ಆ ತುದಿಗೆ ಬಂಗಾರದ ಲೇಪದಲ್ಲಿ ಉರಿಯುವ ಮುಖ್ಯ ಪೀಠ. ಕಲ್ಲಿನಲ್ಲಿ ಆಗದ ಕುಸುರಿಯನ್ನೆಲ್ಲ ಮರದಲ್ಲಿ ತೀರಿಸಿಕೊಂಡಿದ್ದಾರೆ! ಫಲಕಗಳಲ್ಲಿ ಕ್ಯಾಥರೀನಳ ಕಥೆ. ಅವಳನ್ನು ಕೊಲ್ಲಲು ತಂದ ಚಕ್ರ ಮುರಿದು ಬಿತ್ತಂತೆ, ಕಡೆಗೆ ತಲೆ ಕಡಿದರಂತೆ. ಗುಡಿಯ ಗೋಡೆಯ ಮೇಲೆ ರಾಮಾಯಣ ನೋಡುವ ಹಾಗೆಯೇ ಅತ್ತೆ ಒಂದೊಂದೇ ಫಲಕ ನೋಡುತ್ತ ನಿಂತರು. ನನ್ನ ವಿವರಣೆ ಅವರಿಗೆ ಅಷ್ಟೇನೂ ಬೇಕಾಗಲಿಲ್ಲ.

ಹೊರಗೆ ಬಂದಾಗ ಕಣ್ಣು ಮತ್ತೆ ಮೇಲೆ ಹೋಯಿತು. “ಈ ಕಡೆ ಗೋಪುರ ಐತಿ, ಆ ಕಡೀದು ಎಲ್ಲಿ?”

1776ರಲ್ಲಿ ಬಿತ್ತು ಎಂದೆ.

“ಮತ್ತ ಕಟ್ಟಲಿಲ್ಲೇನು?”

ಕಟ್ಟುವವರು ಯಾರು? ರೋಗರುಜಿನಕ್ಕೆ ಅಂಜಿ ಜನ ಊರು ಬಿಡುತ್ತಿದ್ದ ಕಾಲ. 1843ರಲ್ಲಿ ರಾಜಧಾನಿಯ ಪಟ್ಟವೂ ಪಣಜಿಗೆ ಹೋಯಿತು. ಉಳಿದ ಗೋಪುರದಲ್ಲಿ ಒಂದು ದೊಡ್ಡ ಗಂಟೆ ಇದೆ, ನಾದಕ್ಕೆ ಮೆಚ್ಚಿ ಅದನ್ನು ‘ಬಂಗಾರದ ಗಂಟೆ’ ಎಂದು ಕರೆಯುತ್ತಾರೆ. ನಾವಿದ್ದಷ್ಟು ಹೊತ್ತು ಅದನ್ನು ಬಾರಿಸಲೇ ಇಲ್ಲ. ಬಸ್ಸು ಬರುವತನಕ ಅತ್ತೆ ಅತ್ತಲೇ ಕಿವಿಗೊಟ್ಟು ಕೂತಿದ್ದರು.